ಮನೆ ಅಡುಗೆಗೆ ಸ್ಟೀಲ್ ಫ್ರೈಯಿಂಗ್ ಪ್ಯಾನ್ ಕೊಳ್ಳುವಾಗ ಏನು ನೋಡಬೇಕು?

ಮೊದಲು ತಳ ನೋಡಿ. ಬರೀ ಸ್ಟೀಲ್‌ನಲ್ಲಿ ಕಾವು ಸಮನಾಗಿ ಹರಡುವುದಿಲ್ಲ. ಉರಿ ತಾಗಿದ ಕಡೆ ಈರುಳ್ಳಿ ಕರಕಲು, ಅಂಚಿನಲ್ಲಿ ಹಸಿ. ಅದಕ್ಕೇ ಟ್ರೈ-ಪ್ಲೈ ತಗೊಳ್ಳಿ: ಎರಡು ಸ್ಟೀಲ್ ಪದರಗಳ ನಡುವೆ ಅಲ್ಯೂಮಿನಿಯಂ ಇರುತ್ತದೆ. ಅದು ತಳಕ್ಕಷ್ಟೇ ಅಲ್ಲ, ಅಂಚಿನವರೆಗೂ ಇರಬೇಕು. ಒಟ್ಟು ದಪ್ಪ 2.5 ಮಿ.ಮೀ. ಇದ್ದರೆ ಮನೆಗೆ ಸಾಕು. ಒಳಪದರ 304 ಗ್ರೇಡ್ ಇರಲಿ, ಅಂದ್ರೆ 18/8: ಸುಮಾರು 18% ಕ್ರೋಮಿಯಂ, 8% ನಿಕಲ್ ಇರುವ ಸ್ಟೀಲ್. ಇಂಡಕ್ಷನ್ ಒಲೆಯಾದರೆ ತಳಕ್ಕೆ ಆಯಸ್ಕಾಂತ ಹಿಡಿಯಿರಿ, ಅಂಟಬೇಕು.

‘ಸ್ಟೀಲಿಗೆ ಎಲ್ಲಾ ಅಂಟುತ್ತೆ’ ಅಂತ ಸುಮ್ನೆ ಬೈಯುವವರೇ ಜಾಸ್ತಿ. ಪ್ಯಾನ್ ಕಾಯಿಸಿ ಒಂದು ಹನಿ ನೀರು ಹಾಕಿ. ಚುಂಯ್ ಅಂತ ಆರಿಹೋದರೆ ಇನ್ನೂ ಕಾಯಬೇಕು. ಪಾದರಸದ ಹಾಗೆ ಉರುಳಾಡಿದರೆ ಉರಿ ತಗ್ಗಿಸಿ, ನೀರು ಒರೆಸಿ, ಎಣ್ಣೆ ಹಾಕಿ. ದೋಸೆಗೆ ಮಾತ್ರ ನನಗೆ ಕಬ್ಬಿಣದ ಕಾವಲಿಯೇ ಬೇಕು.