ಯಾವ ಪರೀಕ್ಷೆ ಬರೆಸಲಿ, ಮೇಡಂ?

ಪ್ರಶ್ನೆ: ಮೇಡಂ, ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಈ ಸೆಪ್ಟೆಂಬರಿನಲ್ಲಿ ಹನ್ನೊಂದನೇ ಕ್ಲಾಸಿಗೆ ಬಂದಳು. ಶಾಲೆಯಲ್ಲಿ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಬಯಾಲಜಿ ಮತ್ತು ಎಪಿ ಅಮೆರಿಕದ ಇತಿಹಾಸ ತೆಗೆದುಕೊಂಡಿದ್ದಾಳೆ. ಗಣಿತದಲ್ಲಿ ಪ್ರಿಕ್ಯಾಲ್ಕುಲಸ್ ನಡೆಯುತ್ತಿದೆ. ನನ್ನ ಅಕ್ಕನ ಮಗ 2015ರಲ್ಲಿ ಮ್ಯಾಥ್ ಲೆವೆಲ್ 2, ಫಿಸಿಕ್ಸ್, ಕೆಮಿಸ್ಟ್ರಿ ಸಬ್ಜೆಕ್ಟ್ ಟೆಸ್ಟ್ ಬರೆದು ಒಳ್ಳೆಯ ಕಾಲೇಜು ಸೇರಿದ. ಅವನ ಪುಸ್ತಕಗಳನ್ನೆಲ್ಲ ಡಬ್ಬದಲ್ಲಿ ತುಂಬಿ ಕಳಿಸಿದ್ದಾನೆ. ಇವಳಿಗೂ ಅವೇ ಮೂರನ್ನು ಬರೆಸಲೇ, ಇಲ್ಲಾ ಬಯಾಲಜಿ ಬರೆಸಲೇ? ನಮ್ಮ ಮನೆಯವರಂತೂ ಎಪಿಯಲ್ಲಿ ಕ್ಯಾಲ್ಕುಲಸ್ ಬಿಸಿ (BC), ಫಿಸಿಕ್ಸ್ ಸಿ (C) ಎರಡನ್ನೂ ಮನೆಯಲ್ಲೇ ಓದಿ ಬರುವ ಮೇ ತಿಂಗಳಲ್ಲೇ ಬರೆಯಲಿ ಅನ್ನುತ್ತಾರೆ. ಮಗಳು ಮಾತೇ ಆಡುತ್ತಿಲ್ಲ.

ಉತ್ತರ: ಆ ಡಬ್ಬವನ್ನು ಮುಚ್ಚಿಡಿ. ಕಾಲೇಜು ಪ್ರವೇಶಕ್ಕೆಂದು ಒಂದೊಂದು ವಿಷಯದಲ್ಲಿ ಬರೆಯುತ್ತಿದ್ದ ಎಸ್ಎಟಿ ಸಬ್ಜೆಕ್ಟ್ ಟೆಸ್ಟುಗಳು ಈಗ ಇಲ್ಲ. ಎಸ್ಎಟಿ, ಎಪಿ ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆ 2021ರ ಜನವರಿಯಲ್ಲಿ ಅವನ್ನು ನಿಲ್ಲಿಸಿತು. ಅಮೆರಿಕದಲ್ಲಿ ತಕ್ಷಣವೇ ನಿಂತವು, ಹೊರದೇಶದ ಮಕ್ಕಳಿಗೆ ಅದೇ ವರ್ಷದ ಜೂನ್ ಕೊನೆಯದಾಯಿತು. ನಿಮ್ಮ ಅಕ್ಕನ ಮಗನ ಕಾಲಕ್ಕೆ ಆ ಸಲಹೆ ಸರಿಯಾಗಿಯೇ ಇತ್ತು.

ಆದರೂ ಆ ಪರೀಕ್ಷೆಗಳಿಂದ ನಾನು ಕಲಿತ ಒಂದು ಪಾಠ ನಿಮ್ಮ ಮಗಳಿಗೆ ಇವತ್ತಿಗೂ ಬೇಕು. ನಾನು ಅಮೆರಿಕದ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟವಳು. ಆಗ ಒಂದೊಂದು ವಿಷಯಕ್ಕೆ ಒಂದು ಗಂಟೆ, 200ರಿಂದ 800ರವರೆಗೆ ಅಂಕ. ಒಂದೇ ದಿನ ಮೂರು ಬರೆಯಬಹುದಿತ್ತು. ನನ್ನ ವಿದ್ಯಾರ್ಥಿಯೊಬ್ಬ ಹತ್ತನೇ ಕ್ಲಾಸಿನಲ್ಲಿ ನನ್ನ ಹತ್ತಿರ ಕೆಮಿಸ್ಟ್ರಿ ತುಂಬ ಚೆನ್ನಾಗಿ ಕಲಿತಿದ್ದ. ಆ ಜೂನಿನಲ್ಲೇ ಬರೆದುಬಿಡಪ್ಪಾ ಅಂದೆ. ಮನೆಯಲ್ಲಿ, ಮೂರನ್ನೂ ಒಟ್ಟಿಗೆ ಬರೆದರಾಯಿತು ಅಂದರು. ಹನ್ನೆರಡನೇ ಕ್ಲಾಸಿನ ಅಕ್ಟೋಬರಿನಲ್ಲಿ ಬರೆದ. 60 ನಿಮಿಷಕ್ಕೆ 85 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಮೋಲ್ ಲೆಕ್ಕವನ್ನು ನಿದ್ದೆಗಣ್ಣಲ್ಲೂ ಮಾಡುತ್ತಿದ್ದ ಹುಡುಗ ಸೋಮವಾರ ನನ್ನ ಲ್ಯಾಬಿಗೆ ಬಂದು, 'ಎಲ್ಲ ಎಲ್ಲೋ ನೋಡಿದ ಹಾಗಿತ್ತು ಮಿಸ್, ಯಾವುದೂ ಕೈಗೆ ಬರಲಿಲ್ಲ' ಅಂದ. ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎಂದು ಇವತ್ತಿಗೂ ನನಗೆ ನೋವಿದೆ. ಅವತ್ತಿನಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಕ್ಲಾಸಿನಲ್ಲಿ ಈ ವರ್ಷ ಮುಗಿಯುವ ವಿಷಯವನ್ನು ಈ ವರ್ಷವೇ ಬರೆಯಿರಿ.

ಈಗ ವಿಷಯವಾರು ಸಾಮರ್ಥ್ಯ ತೋರಿಸುವ ಪರೀಕ್ಷೆ ಎಂದರೆ ಮುಖ್ಯವಾಗಿ ಎಪಿ. ಮೇ ತಿಂಗಳಲ್ಲಿ ಪರೀಕ್ಷೆ, ಜುಲೈನಲ್ಲಿ ಫಲಿತಾಂಶ, 1ರಿಂದ 5ರವರೆಗೆ ಅಂಕ. ತಪ್ಪು ಉತ್ತರಕ್ಕೆ ಇದರಲ್ಲಿ ಕಡಿತವಿಲ್ಲ, ಒಂದನ್ನೂ ಖಾಲಿ ಬಿಡಬಾರದೆಂದು ಮಗಳಿಗೆ ಹೇಳಿ. ಕಾಲೇಜು ಅರ್ಜಿಗಳು ಹನ್ನೆರಡನೇ ಕ್ಲಾಸಿನ ನವೆಂಬರಿನಿಂದ ಜನವರಿಯೊಳಗೆ ಹೋಗುತ್ತವೆ. ಹಾಗಾಗಿ ಅರ್ಜಿಯಲ್ಲಿ ಕಾಣುವ ಎಪಿ ಅಂಕ ಬರುವ ಮೇವರೆಗಿನದು ಮಾತ್ರ. ಹನ್ನೆರಡನೆಯದರಲ್ಲಿ ಓದುವ ಎಪಿಗಳು ಕೋರ್ಸಿನ ಹೆಸರಾಗಿ ಕಾಣುತ್ತವೆ, ಅವುಗಳ ಅಂಕ ಬರುವ ಹೊತ್ತಿಗೆ ಪ್ರವೇಶದ ನಿರ್ಧಾರ ಆಗಿಹೋಗಿರುತ್ತದೆ.

ನಿಮ್ಮ ಮನೆಯವರ ಅವಸರಕ್ಕೂ ಇದೇ ಕಾರಣವಿರಬಹುದು. ಆದರೆ ಮಗಳು ಈಗ ಓದುತ್ತಿರುವುದು ಪ್ರಿಕ್ಯಾಲ್ಕುಲಸ್. ಕ್ಯಾಲ್ಕುಲಸ್ ಬಿಸಿ ಅದರ ಮುಂದಿನ ಮೆಟ್ಟಿಲು, ಅದಕ್ಕೇ ಒಂದು ಪೂರ್ತಿ ವರ್ಷ ಹಿಡಿಯುತ್ತದೆ. ಫಿಸಿಕ್ಸ್ ಸಿ ನಿಂತಿರುವುದೇ ಕ್ಯಾಲ್ಕುಲಸ್ಸಿನ ಡೆರಿವೇಟಿವ್, ಇಂಟಿಗ್ರಲ್‌ಗಳ ಮೇಲೆ. ಎರಡನ್ನೂ ಒಂದೇ ಚಳಿಗಾಲದಲ್ಲಿ ಮನೆಯಲ್ಲಿ ಕೂತು ಓದು ಅನ್ನುವುದು ಮೆಟ್ಟಿಲು ಕಟ್ಟುವ ಮೊದಲೇ ಮಹಡಿ ಹತ್ತು ಅಂದ ಹಾಗೆ. ಎರಡೂ ಬರುವುದಿಲ್ಲ, ಕೈಯಲ್ಲಿರುವ ಬಯಾಲಜಿ ಮತ್ತು ಇತಿಹಾಸವೂ ಸೊರಗುತ್ತವೆ. ಕ್ಯಾಲ್ಕುಲಸ್ ಹನ್ನೆರಡನೇ ಕ್ಲಾಸಿಗೆ ಇರಲಿ. ಅವಳು ಅದನ್ನು ಓದುತ್ತಿದ್ದಾಳೆ ಎಂಬುದೇ ಅರ್ಜಿಯಲ್ಲಿ ಅದರ ಕೆಲಸ ಮಾಡುತ್ತದೆ.

ನನ್ನ ಸಲಹೆ ನೇರವಾಗಿದೆ. ಈ ಮೇನಲ್ಲಿ ಬಯಾಲಜಿ, ಇತಿಹಾಸ ಎರಡನ್ನೇ ಬರೆಯಲಿ.

ಬಯಾಲಜಿ ಪರೀಕ್ಷೆಯ ಒಳಗನ್ನು ಸ್ವಲ್ಪ ಹೇಳುತ್ತೇನೆ, ಹಳೆಯ ಸಬ್ಜೆಕ್ಟ್ ಟೆಸ್ಟಿನ ಓದು ಯಾಕೆ ಸಾಲದು ಎಂದು ಆಗ ತಿಳಿಯುತ್ತದೆ. 60 ಬಹುಆಯ್ಕೆ ಪ್ರಶ್ನೆಗೆ ಒಂದೂವರೆ ಗಂಟೆ, ಬರೆದು ಉತ್ತರಿಸುವ 6 ಪ್ರಶ್ನೆಗೆ ಇನ್ನೊಂದೂವರೆ ಗಂಟೆ. ಜೀವಕೋಶದ ಭಾಗಗಳ ಹೆಸರು ಬಾಯಿಪಾಠವಾದರೆ ಮುಗಿಯಲಿಲ್ಲ. ಒಂದು ಪ್ರಯೋಗದ ಗ್ರಾಫ್ ಕೊಡುತ್ತಾರೆ, ಪ್ರತಿ ಕಂಬದ ತುದಿಯಲ್ಲಿ ಮೇಲೆ ಕೆಳಗೆ ಚಾಚಿದ ಸಣ್ಣ ಗೆರೆ ಇರುತ್ತದೆ. ಅದು ಎರರ್ ಬಾರ್, ಅಳತೆ ಎಷ್ಟು ಆಚೀಚೆ ಆಗಬಹುದೆಂದು ತೋರಿಸುವ ಗೆರೆ. ಎರಡು ಕಂಬಗಳ ಗೆರೆಗಳು ಒಂದರ ಮಟ್ಟಕ್ಕೊಂದು ತಾಗುತ್ತಿದ್ದರೆ, ವ್ಯತ್ಯಾಸ ನಿಜವೆಂದು ಇಷ್ಟರಿಂದಲೇ ಹೇಳುವಂತಿಲ್ಲ ಎಂದು ಮಗು ಬರೆಯಬೇಕು. ಚುರುಕು ಮಕ್ಕಳೂ 'ಈ ಕಂಬ ಎತ್ತರ ಇದೆ' ಎಂದಷ್ಟೇ ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಇತಿಹಾಸದಲ್ಲಿ 7 ದಾಖಲೆಗಳನ್ನು ಕೊಟ್ಟು, ಓದುವುದಕ್ಕೂ ಸೇರಿಸಿ ಒಂದು ಗಂಟೆಯಲ್ಲಿ ವಾದ ಕಟ್ಟಿ ಬರೆಯಿರಿ ಎನ್ನುತ್ತಾರೆ. ಇಸವಿ ನೆನಪಿದ್ದವರಿಗಿಂತ ಓದುವ ಖುಷಿ ಇದ್ದವರಿಗೆ ಒದಗುವ ಪರೀಕ್ಷೆ ಇದು. 2025ರಿಂದ ಇತಿಹಾಸ ಪೂರ್ತಿ ಕಂಪ್ಯೂಟರಿನಲ್ಲಿ. ಬಯಾಲಜಿಯಲ್ಲಿ ಪ್ರಶ್ನೆ ಪರದೆಯ ಮೇಲಿದ್ದರೂ ಬರವಣಿಗೆಯ ಉತ್ತರ ಕೈಬರಹದಲ್ಲೇ. ಅಭ್ಯಾಸವೂ ಹಾಗೇ ನಡೆಯಲಿ.

ಇಂಗ್ಲಿಷ್ ಮತ್ತು ಗಣಿತದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಎಸ್ಎಟಿ ಬೇರೆಯದೇ ಮಾತು. ಎಂಐಟಿ 2022ರಲ್ಲಿ ಎಸ್ಎಟಿ ಅಥವಾ ಅದರಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಯೇಲ್, ಅವುಗಳ ಬದಲು ಎಪಿ ಅಂಕವನ್ನೂ ಕೊಡಬಹುದು ಎಂದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾಲೇಜುಗಳು ಪ್ರವೇಶಕ್ಕೆ ಎಸ್ಎಟಿಯನ್ನು ನೋಡುವುದೇ ಇಲ್ಲ. ಮಗಳು ಬಯಸುವ ಕಾಲೇಜುಗಳ ಪಟ್ಟಿ ಹಿಡಿದು ಒಂದೊಂದರ ಪ್ರವೇಶದ ಪುಟವನ್ನೂ ನೀವೇ ಓದಿ. ಅಕ್ಕಪಕ್ಕದವರು ಹೇಳಿದ್ದನ್ನು ನಂಬಿ ಕೂರಬೇಡಿ, ನಿಯಮಗಳು ವರ್ಷ ವರ್ಷ ಬದಲಾಗುತ್ತಿವೆ.

ಕೊನೆಗೆ, ನಿಮ್ಮ ಪತ್ರದ ಕೊನೆಯ ಸಾಲು. ನಾನು ಅದನ್ನೇ ಎರಡು ಸಲ ಓದಿದೆ. ಇಡೀ ಪತ್ರದಲ್ಲಿ ಅಕ್ಕನ ಮಗನ ಆಯ್ಕೆ ಇದೆ, ಅವಳ ಅಪ್ಪನ ಆಯ್ಕೆ ಇದೆ, ಅವಳದು ಇಲ್ಲ. ಆದರೆ ಶಾಲೆಯಲ್ಲಿ ಅವಳು ತೆಗೆದುಕೊಂಡಿರುವ ವಿಷಯಗಳನ್ನು ನೋಡಿ, ಉತ್ತರ ಆಗಲೇ ಕೊಟ್ಟಿದ್ದಾಳೆ. ಕಾಲೇಜ್ ಬೋರ್ಡಿನ ಜಾಲತಾಣದಲ್ಲಿ ಹಿಂದಿನ ವರ್ಷಗಳ ಬರವಣಿಗೆ ಪ್ರಶ್ನೆಗಳೂ ಅಂಕ ಕೊಡುವ ಕ್ರಮವೂ ಉಚಿತವಾಗಿ ಸಿಗುತ್ತವೆ. ಈ ಭಾನುವಾರ ಬಯಾಲಜಿಯದೊಂದು, ಇತಿಹಾಸದ್ದೊಂದು ಮುದ್ರಿಸಿ ಅವಳ ಮೇಜಿನ ಮೇಲಿಡಿ. ಬರೆದು, ಆ ಕ್ರಮ ನೋಡಿ ಅಂಕವನ್ನೂ ಅವಳೇ ಹಾಕಿಕೊಳ್ಳಲಿ. ನೀವಿಬ್ಬರೂ ಆಚೆ ಕೋಣೆಯಲ್ಲಿರಿ. ಯಾವುದನ್ನು ಮೊದಲು ಕೈಗೆತ್ತಿಕೊಂಡಳು ಎಂದು ನನಗೆ ಬರೆಯಿರಿ.