ಸರ್ಕಾರ ಸ್ಥಗಿತಗೊಂಡಾಗ ಅಮೆರಿಕದ ಸೆನೆಟ್ ಫಿಲಿಬಸ್ಟರ್ ನಿಯಮವನ್ನು ತೆಗೆದುಹಾಕಬೇಕೇ?

ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. 100 ಸದಸ್ಯರ ಸೆನೆಟ್‌ನಲ್ಲಿ ಹೆಚ್ಚಿನ ಮಸೂದೆಗಳ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕು. ಕಡಿಮೆ ಬಲದ ಪಕ್ಷಕ್ಕೆ ಅಡ್ಡಗಾಲು ಹಾಕಲು ಸಿಗುವ ಈ ಅವಕಾಶವೇ ಫಿಲಿಬಸ್ಟರ್. 2025ರ ಅಕ್ಟೋಬರ್ 1ರಂದು ಅನುದಾನದ ಮಸೂದೆಗೆ 60 ಮತ ಸಿಗದೆ ಸರ್ಕಾರ ಸ್ಥಗಿತವಾದಾಗ ರಿಪಬ್ಲಿಕನ್ನರ ಬಳಿ ಇದ್ದದ್ದು 53 ಸ್ಥಾನ. ನಿಯಮವನ್ನೇ ಕಿತ್ತುಹಾಕಿ ಎಂದರು ಟ್ರಂಪ್. ಅವರದೇ ಪಕ್ಷದ ಸೆನೆಟ್ ನಾಯಕ ಜಾನ್ ಥೂನ್ ಒಪ್ಪಲಿಲ್ಲ. ಕೊನೆಗೆ ಡೆಮಾಕ್ರಟಿಕ್ ಬಣದ 8 ಮಂದಿ ಕೈಜೋಡಿಸಿದ ಮೇಲೆ, 43 ದಿನಕ್ಕೆ ಬಿಕ್ಕಟ್ಟು ಮುಗಿಯಿತು.

ಅಷ್ಟರಲ್ಲಿ ವಿಮಾನ ಸಂಚಾರ ನಿಯಂತ್ರಕರು ಸಂಬಳವಿಲ್ಲದೆ ದುಡಿದಿದ್ದರು, ನವೆಂಬರಿನ ಆಹಾರ ನೆರವು ಎಷ್ಟೋ ಬಡವರಿಗೆ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಈ ನೋವು ಸಣ್ಣದಲ್ಲ. ಆದರೆ ಇಂಥ ನಿಯಮ ಒಮ್ಮೆ ಮುರಿದರೆ ಅಲ್ಲಿಗೇ ನಿಲ್ಲುವುದಿಲ್ಲ: 2013ರಲ್ಲಿ ಡೆಮಾಕ್ರಟರು ಬಹುತೇಕ ನೇಮಕಾತಿಗಳಿಗೆ ಅದನ್ನು ಸಡಿಲಿಸಿದರು, 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿನ ನೇಮಕಕ್ಕೂ ಅದನ್ನೇ ಮಾಡಿದರು.

ರೋಗ ಇರುವುದು ಬೇರೆಡೆ. 1980ಕ್ಕೂ ಮುಂಚೆ ಅನುದಾನ ತಡವಾದರೂ ಕಚೇರಿಗಳು ಸಾಮಾನ್ಯವಾಗಿ ನಡೆಯುತ್ತಲೇ ಇದ್ದವು. ಆ ವರ್ಷ ಅಟಾರ್ನಿ ಜನರಲ್ ಸಿವಿಲೆಟ್ಟಿ ಅನುದಾನವಿಲ್ಲದೆ ಖರ್ಚು ಮಾಡಬಾರದೆನ್ನುವ ಹಳೆಯ ಕಾನೂನೊಂದನ್ನು ಬಿಗಿಯಾಗಿ ವ್ಯಾಖ್ಯಾನಿಸಿದ ಮೇಲೆ ಬಾಗಿಲು ಹಾಕುವ ಪದ್ಧತಿ ಬಂತು. ಹೊಸ ಅನುದಾನಕ್ಕೆ ಒಪ್ಪಿಗೆ ಸಿಗದಿದ್ದರೆ ಹಿಂದಿನ ವರ್ಷದ ಮಟ್ಟದಲ್ಲೇ ಹಣ ತಾನಾಗಿ ಮುಂದುವರಿಯಲಿ ಎಂದು ಕಾನೂನು ತರಲಿ; ಆಗ ತಿಂಗಳ ಸಂಬಳಕ್ಕೆ ಯಾರೂ ಸೆನೆಟ್‌ನ ಮುಖ ನೋಡಬೇಕಾಗಿಲ್ಲ.