ವರ್ಷವಿಡೀ ದುಡಿದರೂ ಬಡತನ ಯಾಕೆ ಬಿಡುವುದಿಲ್ಲ?

ದುಡಿಮೆ ಕಡಿಮೆ ಅಂತಲ್ಲ. ವಿಜಯಪುರದ ಒಣಬೇಸಾಯದಲ್ಲಿ ಹಿಂಗಾರಿ ಜೋಳದ ದುಡ್ಡು ಬರುವುದು ವರ್ಷಕ್ಕೊಮ್ಮೆ, ಖರ್ಚು ಹನ್ನೆರಡೂ ತಿಂಗಳು. ನಡುವೆ ಆಸ್ಪತ್ರೆ ಬಂದರೆ ಕೈಸಾಲ. ‘ನೂರಕ್ಕೆ ಮೂರು’ ಕೇಳಲು ಸಣ್ಣದು, ಆದರೆ ಅದು ತಿಂಗಳ ಲೆಕ್ಕ: 50,000ಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000 ಬಡ್ಡಿ. ಅಸಲು ಅಲ್ಲೇ ಕೂತಿರುತ್ತದೆ.

ಅದನ್ನು ತೀರಿಸಲು ಗಂಡ-ಹೆಂಡತಿ ಕಬ್ಬು ಕಡಿಯಲು ಮುಂಗಡ ಹಿಡಿಯುತ್ತಾರೆ. ಕಟಾವು ದೀಪಾವಳಿಯ ಆಸುಪಾಸಿನಿಂದ ಮಾರ್ಚ್‌ವರೆಗೆ. ಶಾಲೆಯ ಅರ್ಧ ವರ್ಷ ಅಲ್ಲೇ ಹೋಯಿತು. ಜೊತೆಗೆ ಹೋದ ಹುಡುಗಿ ಜೋಪಡಿಯಲ್ಲಿ ತಮ್ಮನನ್ನು ಆಡಿಸುತ್ತಾಳೆ, ಮರಳಿದಾಗ ಗಣಿತ ತಲೆಗೆ ಹತ್ತುವುದಿಲ್ಲ, ಶಾಲೆ ಬಿಡುತ್ತಾಳೆ. ಬಡತನದ ಪರಿಣಾಮವೇ ಮುಂದಿನ ತಲೆಮಾರಿನ ಬಡತನಕ್ಕೆ ಕಾರಣ.

ಮೊದಲು ಬಡ್ಡಿ ಮುರಿಯಬೇಕು. ಸ್ವಸಹಾಯ ಸಂಘದಲ್ಲಿ ಅದೇ ಸಾಲ ತಿಂಗಳಿಗೆ ನೂರಕ್ಕೆ ಒಂದರಂತೆ ಸಿಕ್ಕರೂ ವರ್ಷಕ್ಕೆ 12,000 ಉಳಿಯುತ್ತದೆ. ವಾರದ ಕಂತಿನ ಫೈನಾನ್ಸ್ ಮಾತ್ರ ಬೇಡ. ಬೆಳೆ ವಾರಕ್ಕೊಮ್ಮೆ ಬರುವುದಿಲ್ಲವಲ್ಲ.